ಜಾರಿದ ಬರೆಗೆ 12 ಸರಳು, 4 ಮಳೆಗಾಲ

2018ರ ಆಗಸ್ಟ್ ನಡುವಿನಲ್ಲಿ ಕೊಡಗಿನ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಕಡೆಯೆಲ್ಲ ಗುಡ್ಡ ಇಳಿದ ಆ ವಾರ ನಮ್ಮ ತೋಟದಲ್ಲೂ ಅರ್ಧ ಏಕರೆಯಷ್ಟು ಬರೆ (ಗುಡ್ಡದ ಇಳಿಜಾರು) ಕಾಫಿ, ಒಳ್ಳೆಮೆಣಸಿನ ಬಳ್ಳಿ, ಸಿಲ್ವರ್ ಓಕ್ ಸಮೇತ ಜಾರಿ ಕೆಳಗಿನ ತೋಡಿಗೆ (ಸಣ್ಣ ಹಳ್ಳಕ್ಕೆ) ಬಿತ್ತು. ಮನೆಯವರಿಗೆ, ಲೈನ್ ಮನೆಯಲ್ಲಿದ್ದ ತೋಟದ ಕೆಲಸದವರಿಗೆ ಏನೂ ಆಗಲಿಲ್ಲ. ಜಾರಿದ ಜಾಗದಲ್ಲಿ ಮಾತ್ರ ಒಂದು ಕೊರಕಲು ಉಳಿಯಿತು. ಪ್ರತಿ ಮಳೆಗಾಲಕ್ಕೂ ಅದು ಒಂದಿಷ್ಟು ಆಳವಾಯಿತು, ಒಂದಿಷ್ಟು ಅಗಲವಾಯಿತು. ಅಲ್ಲಿಂದ ಕೊಚ್ಚಿದ ಮಣ್ಣು ತೋಡಿಗೆ, ತೋಡಿನಿಂದ ಹಟ್ಟಿಹೊಳೆಗೆ, ಅಲ್ಲಿಂದ ಹಾರಂಗಿ ಜಲಾಶಯಕ್ಕೆ. ಹಾರಂಗಿಯಲ್ಲಿ ಹೂಳು ತುಂಬಿದ ಸುದ್ದಿ ಓದುವಾಗಲೆಲ್ಲ ಅದರಲ್ಲಿ ನಮ್ಮ ತೋಟದ ಪಾಲೂ ಇದೆ ಎಂದು ಮನಸ್ಸು ಚುಚ್ಚುತ್ತಿತ್ತು.

ಮೊದಲ ವರ್ಷಗಳಲ್ಲಿ ಮಾಡಿದ್ದು ಯಾವುದೂ ನಿಲ್ಲಲಿಲ್ಲ. 2019ರಲ್ಲಿ ಗೋಣಿಚೀಲಕ್ಕೆ ಮಣ್ಣು ತುಂಬಿ ಅಡ್ಡ ಇಟ್ಟೆವು, ಜುಲೈ ದಾಟಲಿಲ್ಲ. ಮರುವರ್ಷ ಒಂದು ಸಂಸ್ಥೆಯವರು ಬಂದು ಒಂದೇ ದಿನದಲ್ಲಿ ನೂರಾರು ಸಸಿ ನೆಟ್ಟು, ಫೋಟೊ ತೆಗೆದುಕೊಂಡು ಹೋದರು. ಎಷ್ಟು ಉಳಿದಿವೆ ಎಂದು ನೋಡಲು ಯಾರೂ ತಿರುಗಿ ಬರಲಿಲ್ಲ. ಉಳಿದಿದ್ದರೂ ಹೇಳುವವರಿಲ್ಲ, ಸತ್ತಿದ್ದರೂ ಕೇಳುವವರಿಲ್ಲ. ಆ ಬೇಸರ ಇವತ್ತಿಗೂ ಹೋಗಿಲ್ಲ.

ನನ್ನ ತಂಗಿಯ ಮಗಳು ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ಓದುತ್ತಿದ್ದಳು. 2021ರ ಹುತ್ತರಿ ಹಬ್ಬಕ್ಕೆ ಬಂದವಳು ಕೊರಕಲಿನ ಅಂಚಿನಲ್ಲಿ ನಿಂತು ಕೇಳಿದಳು: "ದೊಡ್ಡಮ್ಮಾ, ಮಾಡಿದ ಕೆಲಸ ಸರಿಬರ್ತಿಲ್ಲ ಅಂತ ನಿಮಗೆ ಯಾವಾಗ ಗೊತ್ತಾಗುತ್ತೆ?"

"ಕೊಚ್ಚಿಕೊಂಡು ಹೋದ ಮೇಲೆ" ಎಂದೆ. ಅದು ನಿಜವೂ ಆಗಿತ್ತು.

ಅವಳು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಕಾಡು, ಹೊಳೆ, ಗುಡ್ಡ ಇವು ನಾವು ಬರೆದ ಯೋಜನೆಯ ಪ್ರಕಾರ ನಡೆಯುವುದಿಲ್ಲ. ಹಾಗಾಗಿ ಯೋಜನೆಯನ್ನೇ ಒಂದು ಊಹೆ ಎಂದು ಇಟ್ಟುಕೊಂಡು, ಕೆಲಸ ಮಾಡಿ, ಅಳೆದು, ಅಳತೆ ಏನು ಹೇಳುತ್ತದೋ ಅದರಂತೆ ಮುಂದಿನ ಕೆಲಸ ಬದಲಿಸಬೇಕು. ಕೆನಡಾದ ಪರಿಸರ ವಿಜ್ಞಾನಿ ಹೋಲಿಂಗ್ ಮತ್ತು ಅವರ ಜೊತೆಯವರು 1970ರ ದಶಕದಲ್ಲೇ ಇದನ್ನು ಒಂದು ಕ್ರಮವಾಗಿ ರೂಪಿಸಿದ್ದರಂತೆ. ಪ್ರಕೃತಿ ಆಧರಿಸಿದ ಪರಿಹಾರಗಳಿಗೆ ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) 2020ರಲ್ಲಿ ತಂದ ಜಾಗತಿಕ ಮಾನದಂಡದಲ್ಲಿ 8 ಅಂಶಗಳಿವೆ, ಅದರಲ್ಲಿ 7ನೆಯದು ಇದೇ. ಹೊಂದಾಣಿಕೆಯ ನಿರ್ವಹಣೆ ಎಂದು ಕನ್ನಡದಲ್ಲಿ ಅನ್ನಬಹುದು. ನನಗೆ ಹಿಡಿಸಿದ್ದು ಅದರ ಒಂದೇ ಒಂದು ಷರತ್ತು: ಯಾವ ಅಳತೆ ಎಲ್ಲಿಗೆ ಮುಟ್ಟಿದರೆ ಏನು ಬದಲಿಸುತ್ತೇವೆ ಎಂಬುದನ್ನು ಮಳೆಗೆ ಮುಂಚೆಯೇ ಬರೆದಿಡಬೇಕು. ಮಳೆ ಬಂದ ಮೇಲೆ ಮನಸ್ಸು ನೂರು ಸಮಾಧಾನ ಹೇಳುತ್ತದೆ.

ಜನವರಿ–ಮೇ 2022

ಕೊರಕಲಿನ ಉದ್ದ 180 ಅಡಿ. 60 ಅಡಿಯಂತೆ ಮೂರು ಭಾಗ ಮಾಡಿದೆವು. ಮೇಲಿನ ಭಾಗ ಬಿಸಿಲಿಗೆ ಬಿದ್ದ ಬೋಳು ಜಾಗ, ಅಲ್ಲಿ ಕೊರಕಲಿಗೆ ಅಡ್ಡಲಾಗಿ ಕಲ್ಲಿನ ಕಟ್ಟ. ಕೆಳಗಿನ ಭಾಗ ತೋಡಿನ ಹತ್ತಿರ, ದೊಡ್ಡ ಮರಗಳ ನೆರಳು, ಅಲ್ಲಿ ಕಲ್ಲಿಲ್ಲದೆ ಬರೀ ಗಿಡ. ನಡುವಿನ ಭಾಗಕ್ಕೆ ಏನೂ ಮಾಡದೆ ಬಿಡುವುದು. ಕೊನೆಯದಕ್ಕೆ ಮೇಸ್ತ್ರಿ ಅಣ್ಣ ಒಪ್ಪಲಿಲ್ಲ. "ಕಣ್ಣೆದುರಿಗೇ ಕೊಚ್ಚೋದನ್ನ ನೋಡ್ತಾ ಕೂರೋದಾ ಅಕ್ಕಾ?" ನನಗೂ ಕಷ್ಟವೇ ಆಗಿತ್ತು. ಆದರೆ ಏನೂ ಮಾಡದ ಜಾಗ ಒಂದಿಲ್ಲದಿದ್ದರೆ ಮಾಡಿದ್ದರಿಂದ ಏನಾಯಿತು ಎಂದು ಗೊತ್ತಾಗುವುದು ಹೇಗೆ?

ಅಳತೆಗೆ ದುಬಾರಿ ಸಾಮಾನು ಏನೂ ಬೇಕಾಗಲಿಲ್ಲ. 12 ಎಂಎಂ ಕಬ್ಬಿಣದ ಸರಳನ್ನು ಮೂರು ಮೂರು ಅಡಿಗೆ ಕತ್ತರಿಸಿ, 12 ತುಂಡು, ಭಾಗಕ್ಕೆ ನಾಲ್ಕರಂತೆ ತಳದಲ್ಲೂ ಅಂಚಿನಲ್ಲೂ ಹೊಡೆದೆವು. ಎರಡು ಅಡಿ ಮಣ್ಣಿನೊಳಗೆ, ಒಂದು ಅಡಿ ಹೊರಗೆ, ತುದಿಗೆ ಕೆಂಪು ಪೇಂಟ್. ಹೊರಗಿನ ಉದ್ದ ಹೆಚ್ಚಾದರೆ ಮಣ್ಣು ಹೋಗಿದೆ, ಕಮ್ಮಿಯಾದರೆ ಮಣ್ಣು ಕೂತಿದೆ. ಬರೆಯ ನೆತ್ತಿಯಲ್ಲಿ 2018ರಿಂದಲೂ ಕುಡುಗೋಲಿನ ಆಕಾರದ ಒಂದು ಬಿರುಕಿದೆ. ಅದರ ಆಚೆ ಈಚೆ ಎರಡು ಗೂಟ ಹೊಡೆದು ನಡುವಿನ ಅಂತರ ಅಳೆದೆವು, ಸರಿಯಾಗಿ 42 ಇಂಚು. ಮಳೆ ಮಾಪಕ ಅಪ್ಪನ ಕಾಲದಿಂದಲೂ ಇದೆ. ಪ್ಲಾಂಟರ್ ಮನೆಗಳಲ್ಲಿ ಎಲ್ಲರೂ ಬರೆಯುವ ಹಾಗೆ ನಾವೂ ಇಂಚು–ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲೇ ಬರೆಯುತ್ತೇವೆ. ಕೊನೆಯದು ಬಾಟಲಿ: ನಾಲ್ಕು ಇಂಚಿಗಿಂತ ಹೆಚ್ಚು ಮಳೆಯಾದ ದಿನ ಕೊರಕಲಿನ ಬಾಯಲ್ಲಿ ಒಂದು ಲೀಟರ್ ನೀರು ಹಿಡಿದು, ಅಡುಗೆಮನೆ ಕಿಟಕಿಯಲ್ಲಿ ಒಂದು ದಿನ ಅಲುಗಿಸದೆ ಇಟ್ಟು, ತಳದಲ್ಲಿ ಕೂತ ಮಣ್ಣನ್ನು ಸ್ಕೇಲಿನಿಂದ ಅಳೆಯುವುದು.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಹೀಗೆ ಬರೆದೆ. ಒಂದು ಮಳೆಗಾಲದಲ್ಲಿ ಯಾವ ಸರಳಾದರೂ ಎರಡು ಇಂಚಿಗಿಂತ ಹೆಚ್ಚು ಬಯಲಾದರೆ ಆ ಭಾಗದ ವಿಧಾನ ಬದಲಿಸುವುದು. ನೆಟ್ಟ ಹತ್ತರಲ್ಲಿ ಏಳಕ್ಕಿಂತ ಕಮ್ಮಿ ಬದುಕಿದರೆ ಅದೇ ಗಿಡವನ್ನು ಮತ್ತೆ ನೆಡದೆ ಬೇರೆ ಜಾತಿ ನೋಡುವುದು. ಬಿರುಕಿನ ಅಂತರ ಅರ್ಧ ಇಂಚು ಹೆಚ್ಚಿದರೆ ಬರೆಯ ಮೇಲೆ ಯಾರೂ ಕೆಲಸ ಮಾಡಕೂಡದು, ಕೆಳಗಿನ ಲೈನ್ ಮನೆಯ ಎರಡೂ ಕುಟುಂಬ ಅವತ್ತೇ ನಮ್ಮ ಮನೆಗೆ ಬರಬೇಕು. ಇದನ್ನು ಆ ಕುಟುಂಬದವರನ್ನು ಕೂರಿಸಿಕೊಂಡು ಓದಿ ಹೇಳಿದೆ. ಹುಲ್ಲಿನ ಬೇರು, ಗಿಡದ ಬೇರು ಮೇಲ್ಪದರದ ಮಣ್ಣನ್ನು ಹಿಡಿಯುತ್ತವೆ. ಅದಕ್ಕಿಂತ ಆಳದಲ್ಲಿ ಗುಡ್ಡವೇ ಜಾರಲು ಹೊರಟರೆ ಲಾವಂಚದ ಹುಲ್ಲು ಅದನ್ನು ನಿಲ್ಲಿಸುವುದಿಲ್ಲ. ಈ ಮಿತಿಯನ್ನು ಮುಚ್ಚಿಟ್ಟು ಗಿಡ ನೆಡುವುದು ಜನರ ಪ್ರಾಣದ ಜೊತೆ ಆಡಿದ ಹಾಗೆ.

ಮೇಲಿನ ಭಾಗಕ್ಕೆ ಕಾಡುಕಲ್ಲಿನ ಮೂರು ಕಟ್ಟ, ನಡುವಿನ ಎತ್ತರ ಎರಡೂವರೆ ಅಡಿ, 20 ಅಡಿಗೊಂದರಂತೆ. ಕೆಳಗೆ ಲಾವಂಚದ ಬುಡಗಳನ್ನು ಅರ್ಧ ಅಡಿಗೊಂದರಂತೆ ಮೂರು ಸಾಲು, ಅಂಚಿಗೆ ಹಾಲುವಾಣ ಮರದ ಗೂಟ. ಹಾಲುವಾಣ ಕಡಿದು ನೆಟ್ಟರೆ ಚಿಗುರುತ್ತದೆ ಎಂಬುದು ಕೊಡಗಿನಲ್ಲಿ ಮೆಣಸು ಹಬ್ಬಿಸಿದ ಪ್ರತಿಯೊಬ್ಬರಿಗೂ ಗೊತ್ತು.

ಮೊದಲ ಮಳೆ

ಜೂನ್ ಕೊನೆಗೆ ಕೊಡಗು–ಸುಳ್ಯ ಗಡಿಯಲ್ಲಿ ಸಣ್ಣ ಸಣ್ಣ ಭೂಕಂಪ ಆದಾಗ ನಾವು ಓಡಿಹೋಗಿ ನೋಡಿದ್ದು ಬಿರುಕಿನ ಗೂಟವನ್ನು. ಅದು ಅಲುಗಿರಲಿಲ್ಲ.

ಜುಲೈನಲ್ಲಿ ಒಂದು ರಾತ್ರಿ 6 ಇಂಚು 40 ಸೆಂಟ್ ಸುರಿಯಿತು. ಕೊಡೆ ಹಿಡಿದು ಟಾರ್ಚ್ ಬಿಟ್ಟುಕೊಂಡು ನಾನೂ ಮೇಸ್ತ್ರಿ ಅಣ್ಣನೂ ಎದುರಿನ ಗಟ್ಟಿ ದಿಣ್ಣೆಯಲ್ಲಿ ನಿಂತು ನೋಡಿದೆವು. ಎರಡನೇ ಕಟ್ಟ ಸೊಗಸಾಗಿ ನಿಂತಿತ್ತು, ಒಂದು ಕಲ್ಲೂ ಕದಲಿರಲಿಲ್ಲ. ನೀರು ಮಾತ್ರ ಅದರ ಮೇಲೆ ಹರಿಯುತ್ತಿರಲಿಲ್ಲ. ಎಡಗಡೆ ಕಲ್ಲು ಮಣ್ಣಿಗೆ ತಾಗುವ ಜಾಗದಲ್ಲಿ ಒಂದು ಕೈ ಅಗಲದ ದಾರಿ ಮಾಡಿಕೊಂಡು, ಕೆಂಪಗೆ ಕುದಿಯುತ್ತಾ, ಅಂಚಿನ ಮಣ್ಣನ್ನು ಹೆಂಟೆ ಹೆಂಟೆಯಾಗಿ ಬೀಳಿಸುತ್ತಾ ಸುತ್ತಿಬಳಸಿ ಹೋಗುತ್ತಿತ್ತು. ಹೆಂಟೆ ಬಿದ್ದಾಗೆಲ್ಲ ನೀರಿನ ಸದ್ದು ಒಂದು ಕ್ಷಣ ನಿಂತು, ಮತ್ತೆ ಜೋರಾಗುತ್ತಿತ್ತು. ಬೆಳಗಾಗುವಷ್ಟರಲ್ಲಿ ಕೈ ಅಗಲದ ದಾರಿ ಮೂರು ಅಡಿ ಆಗಿತ್ತು. ಕಟ್ಟ ಒಂಟಿಯಾಗಿ ನಡುವೆ ಉಳಿದಿತ್ತು. ಮಾರನೆಯ ದಿನ ಬಾಟಲಿಯಲ್ಲಿ 22 ಎಂಎಂ ಮಣ್ಣು ಕೂತಿತ್ತು. ಅಮ್ಮ ಅದನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದರು. "ಇದೆಲ್ಲ ನಾನು ಗೊಬ್ಬರ ಹೊತ್ತ ಮಣ್ಣು" ಎಂದರು.

ಕಕ್ಕಡ ಮಾಸ ಕಳೆದು, ಸೆಪ್ಟೆಂಬರ್ 3ಕ್ಕೆ ಕೈಲ್ ಪೊಳ್ದ್ ಹಬ್ಬ ಮುಗಿಸಿ ಸರಳು ಅಳೆದೆವು. ಮೇಲಿನ ಭಾಗದ 3ನೇ ಸರಳು 9 ಇಂಚು ಹೆಚ್ಚು ಬಯಲಾಗಿತ್ತು. ಕೆಳಗಡೆ ಲಾವಂಚ ಹತ್ತರಲ್ಲಿ ನಾಲ್ಕು ಮಾತ್ರ ಉಳಿದಿತ್ತು, ಉಳಿದವೂ ಹಳದಿಯಾಗಿ ಸೊರಗಿದ್ದವು. ಲಾವಂಚಕ್ಕೆ ಬಿಸಿಲು ಬೇಕು, ನೆರಳಿನಲ್ಲಿ ಅದು ಬಾಳುವುದಿಲ್ಲ. ನೀರಿನ ಹತ್ತಿರ ಇದ್ದರೆ ಸಾಕು ಎಂದುಕೊಂಡದ್ದು ನಮ್ಮ ತಪ್ಪು. ಅದಕ್ಕೆ ಸರಿಯಾದ ಜಾಗ ಮೇಲಿನ ಬೋಳು ಭಾಗವಾಗಿತ್ತು, ಅಲ್ಲಿ ನಾವು ಒಂದು ಬುಡವನ್ನೂ ನೆಟ್ಟಿರಲಿಲ್ಲ.

ನಿಜವಾಗಿ ಕಣ್ಣು ತೆರೆಸಿದ್ದು ನಡುವಿನ ಭಾಗ. ತಳ 5 ಇಂಚು ಇಳಿದಿತ್ತು, ಅದು ನಿರೀಕ್ಷಿಸಿದ್ದೇ. ಎರಡೂ ಅಂಚಿನಲ್ಲಿ ಮಾತ್ರ ಯಾರೂ ನೆಡದ ಜರಿಗಿಡ, ಹುಲ್ಲು, ಮೊಣಕಾಲೆತ್ತರದ ಚಂದಕಲು ಮರದ ಸಸಿಗಳು ತುಂಬಿಕೊಂಡಿದ್ದವು. ಅಂಚಿನ ಎರಡು ಸರಳು ಅರ್ಧ ಇಂಚೂ ಬಯಲಾಗಿರಲಿಲ್ಲ. ಹಿಂದಿನ ವರ್ಷಗಳಲ್ಲೂ ಇವು ಬರುತ್ತಿದ್ದವು. ಪ್ರತಿ ಸೆಪ್ಟೆಂಬರ್‌ನಲ್ಲಿ ಕಾಡು (ಕಳೆ) ಕಡಿಸುವಾಗ ತೋಟದ ಜೊತೆ ಇದನ್ನೂ ನಾವೇ ಸವರಿ ಬೋಳು ಮಾಡುತ್ತಿದ್ದೆವು! ಈ ಸಲ ಬಿಟ್ಟಿದ್ದು, ಏನೂ ಮಾಡಬಾರದು ಎಂದು ಬರೆದಿಟ್ಟಿದ್ದಕ್ಕೆ.

2022ರ ಡಿಸೆಂಬರ್‌ನಿಂದ 2023ರ ಮೇ

ಎಲ್ಲಕ್ಕಿಂತ ಹೆಚ್ಚು ಕೂಲಿ ಹೋದದ್ದು ಕಟ್ಟಗಳನ್ನು ಬಿಚ್ಚಿ ಕಟ್ಟಲು. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಇದೇ ತಪ್ಪನ್ನು ಸುತ್ತಮುತ್ತ ಬೇಕಾದಷ್ಟು ಕಡೆ ನೋಡಿದ್ದೇನೆ.

ಮೊದಲನೆಯದು ಅಂತರ. ಕೆಳಗಿನ ಕಟ್ಟದ ನೆತ್ತಿ ಮೇಲಿನ ಕಟ್ಟದ ಬುಡಕ್ಕೆ ಮಟ್ಟವಾಗಿರಬೇಕು. ಆಗ ನಡುವೆ ನೀರು ನಿಧಾನವಾಗಿ ಮಣ್ಣು ಬಿಟ್ಟುಹೋಗುತ್ತದೆ. ನಮ್ಮ ಕೊರಕಲಿನ ತಳ 60 ಅಡಿಗೆ 9 ಅಡಿ ಇಳಿಯುತ್ತದೆ, ಅಂದರೆ 20 ಅಡಿಗೆ 3 ಅಡಿ. ಎರಡೂವರೆ ಅಡಿಯ ಕಟ್ಟ ಇದಕ್ಕೆ ಸಾಲದು, ಪ್ರತಿ ಕಟ್ಟದ ಬುಡದಲ್ಲಿ ಅರ್ಧ ಅಡಿ ಬಯಲಾಗಿಯೇ ಉಳಿದು ಅಲ್ಲೇ ಗುಂಡಿ ಬಿದ್ದಿತ್ತು. ಮೊದಲ ಸಲ ಕಣ್ಣಂದಾಜಿನಲ್ಲಿ ಕಟ್ಟಿದ್ದೆವು. ಈ ಸಲ ಗಾರೆ ಕೆಲಸದವರ ನೀರಿನ ಟ್ಯೂಬ್ ತಂದು ಮಟ್ಟ ಹಿಡಿದು, ಅಂತರವನ್ನು 16 ಅಡಿಗೆ ಇಳಿಸಿದೆವು. ಮೂರು ಇದ್ದದ್ದು ನಾಲ್ಕಾಯಿತು.

ಎರಡನೆಯದು ಅಂಚು. ಎರಡೂ ಕಡೆ ಬರೆಯೊಳಗೆ ಎರಡೆರಡು ಅಡಿ ಅಗೆದು ಕಲ್ಲನ್ನು ಒಳಗೆ ಕೂರಿಸಿದೆವು. ನಡುಭಾಗವನ್ನು ಅಂಚಿಗಿಂತ 9 ಇಂಚು ತಗ್ಗಿಸಿದೆವು, ಎಷ್ಟೇ ನೀರು ಬಂದರೂ ನಡುವಿನಿಂದಲೇ ದಾಟಲಿ ಎಂದು. ನೀರು ಧುಮುಕುವ ಜಾಗಕ್ಕೆ ನಾಲ್ಕು ಅಡಿ ಉದ್ದ ದಪ್ಪ ಕಲ್ಲು ಹಾಸಿದೆವು. ಕಟ್ಟದ ಹಿಂದೆ ಕೂತ ಮಣ್ಣಿಗೆ, ಅಂಚಿಗೆ ಲಾವಂಚ. ಜಾರಿದ ಜಾಗದ ಶೇಡಿ ಮಣ್ಣಿನಲ್ಲಿ ಏನೂ ಸಾರವಿಲ್ಲ, ಹಾಗಾಗಿ ಪ್ರತಿ ಬುಡಕ್ಕೆ ಎರಡು ಬೊಗಸೆ ಕೊಳೆತ ಕಾಫಿ ಸಿಪ್ಪೆ.

ಕೆಳಗಿನ ನೆರಳಿಗೆ ಮುಂಡುಗ (ಕೇದಗೆ ಜಾತಿಯ ಗಿಡ) ಮತ್ತು ವಾಟೆ (ಸಣ್ಣ ಬಿದಿರು). ಎರಡೂ ತೋಡಿನ ಬದಿಯಲ್ಲೇ ಹುಟ್ಟಿ ಬೆಳೆದವು, ಪಕ್ಕದ ತೋಟದ ಮಾವ ತಮ್ಮ ತೋಡಿನಿಂದ ಕಿತ್ತುಕೊಟ್ಟರು. ಹಾಲುವಾಣದ ಎಲೆಗಳು ಕೀಟ ಬಿದ್ದು ಗಂಟುಗಂಟಾಗಿದ್ದವು. ಪೂರ್ತಿ ತೆಗೆಯದೆ ನಡುನಡುವೆ ಅತ್ತಿ, ನೇರಳೆ, ಹೊಂಗೆ ಸೇರಿಸಿದೆವು.

ನಡುವಿನ ಭಾಗದಲ್ಲಿ ತಳಕ್ಕೆ ಮಾತ್ರ ಎರಡು ಕಟ್ಟ. ಅಂಚಿಗೆ ಕತ್ತಿ ತಾಗಿಸಬಾರದು, ಕಮ್ಯುನಿಸ್ಟ್ ಗಿಡ ಎಂಬ ಹಬ್ಬುವ ಕಳೆ ಒಂದನ್ನು ಮಾತ್ರ ಕೈಯಿಂದ ಕಿತ್ತು ಹಾಕುವುದು. ಇದನ್ನು ಆಳುಗಳಿಗೆ ಅರ್ಥ ಮಾಡಿಸಲು ಒಂದು ವಾರ ಹಿಡಿಯಿತು. ತೋಟದಲ್ಲಿ ಕಾಡು ಬಿಡುವುದು ಅವರ ಕಣ್ಣಿಗೆ ಕೆಲಸಗಳ್ಳತನ. ಒಬ್ಬ ಅಕ್ಕ ಚಂದಕಲು ಸಸಿಗಳಿಗೆಲ್ಲ ಹಳೆ ಸೀರೆಯ ಅಂಚು ಹರಿದು ಕಟ್ಟಿದರು, ಕಡಿಯಬಾರದ ಗುರುತಿಗೆ. ಆ ಉಪಾಯ ಈಗಲೂ ನಡೆಯುತ್ತಿದೆ.

ಇನ್ನೊಂದು ಬದಲಾವಣೆ ಮನಸ್ಸಿಗೆ ಭಾರವಾಗಿತ್ತು. ಬಿರುಕಿನ ಮೇಲಿನ ಕಾಫಿಯಲ್ಲಿ ಅಪ್ಪ ತೆಗೆಸಿದ ತೊಟ್ಟಿಲು ಗುಂಡಿಗಳಿದ್ದವು. ನೀರು ಇಂಗಿಸಲು, ಮಣ್ಣು ಹಿಡಿಯಲು ಅವು ಒಳ್ಳೆಯವೇ, ಉಳಿದ ತೋಟದಲ್ಲಿ ಇವತ್ತಿಗೂ ಇಟ್ಟುಕೊಂಡಿದ್ದೇವೆ. ಆದರೆ ಬಾಯಿ ಬಿಟ್ಟ ಬರೆಯ ನೆತ್ತಿಯಲ್ಲಿ ನೀರು ಇಂಗಿಸಿದರೆ ಮಣ್ಣಿನ ಭಾರ ಹೆಚ್ಚಿ, ಹಿಡಿತ ಕಮ್ಮಿಯಾಗುತ್ತದೆ. ಹತ್ತಿರದ 11 ಗುಂಡಿ ಮುಚ್ಚಿಸಿದೆ. ಬಿರುಕಿಗೆ ಜೇಡಿಮಣ್ಣು ತುಂಬಿ ದಿಮ್ಮಸು ಹೊಡೆಸಿದೆ. ಮೇಲಿನ ನೀರು ಬಿರುಕಿಗೆ ಬರದಂತೆ ಅಡ್ಡ ಚರಂಡಿ ತೆಗೆದು ಪೂರ್ವದ ಕಾಫಿ ಪಟ್ಟಿಯ ಕಡೆ ಬಿಟ್ಟೆವು.

2023

2023ರಲ್ಲಿ ಎಲ್ಲ ಚೆನ್ನಾಗಿತ್ತು. ಸರಳು ಅಲ್ಲಲ್ಲೇ ಇದ್ದವು, ಲಾವಂಚ ಎದೆಯೆತ್ತರ ಬಂತು. ನೋಡಲು ಬಂದವರು ಹೊಗಳಿದರು. ಆದರೆ ಮಳೆ ಪುಸ್ತಕ ಬೇರೆ ಮಾತು ಹೇಳುತ್ತಿತ್ತು. ಆ ವರ್ಷ ಮುಂಗಾರು ಕೈಕೊಟ್ಟಿತ್ತು, ಆಗಸ್ಟ್ ಅಂತೂ ಒಣಗಿಯೇ ಹೋಯಿತು, ರಾಜ್ಯದ ಬಹುಪಾಲು ತಾಲ್ಲೂಕುಗಳಲ್ಲಿ ಬರ ಘೋಷಣೆ ಆಯಿತು. ನಾಲ್ಕು ಇಂಚು ದಾಟಿದ ದಿನ ನಮ್ಮಲ್ಲಿ ಒಂದೂ ಇರಲಿಲ್ಲ. ಹಾಗಾಗಿ ಪುಸ್ತಕದಲ್ಲಿ "ಪರೀಕ್ಷೆ ಆಗಿಲ್ಲ" ಎಂದು ಬರೆದೆ, "ಗೆದ್ದಿದೆ" ಎಂದಲ್ಲ. ಬಹಳ ಯೋಜನೆಗಳ ವರದಿ ಇಂಥ ವರ್ಷದಲ್ಲೇ ಮುಗಿದುಬಿಡುತ್ತದೆ. ಹಸಿರು ಫೋಟೊ ಸಿಗುತ್ತದೆ, ಹಣವೂ ಖರ್ಚಾಗಿರುತ್ತದೆ. ಅದಕ್ಕೇ ನಾನು ಶುರುವಿನಲ್ಲೇ ಒಟ್ಟು ದುಡ್ಡಿನ ಮೂರನೇ ಒಂದು ಪಾಲನ್ನು ಮುಟ್ಟದೆ ಇಟ್ಟಿದ್ದೆ. ಯಾರಾದರೂ ಸಲಹೆ ಕೇಳಿದರೆ ಮೊದಲು ಹೇಳುವುದು ಇದನ್ನೇ.

ಜುಲೈ 2024

ಪರೀಕ್ಷೆ ಆಗ ಬಂತು. ಜುಲೈಯಲ್ಲಿ ನಾಲ್ಕು ಇಂಚು ದಾಟಿದ ದಿನಗಳೇ ಏಳು. ಮೇಲಿನ ಭಾಗದ ನಾಲ್ಕೂ ಕಟ್ಟ ನಿಂತವು, ನೀರು ನಡುವಿನಿಂದಲೇ ದಾಟಿತು. 6 ಇಂಚು ಬಿದ್ದ ದಿನ ಬಾಟಲಿಯಲ್ಲಿ 7 ಎಂಎಂ. ಎರಡು ವರ್ಷದ ಹಿಂದೆ ಅಂಥದೇ ಮಳೆಗೆ 22 ಇತ್ತು.

ಮುರಿದದ್ದು ನಾವು ಗಮನ ಕೊಡದಿದ್ದ ಜಾಗದಲ್ಲಿ. ಅಡ್ಡ ಚರಂಡಿಯ ಬಾಯಿ. ಅಷ್ಟೂ ನೀರನ್ನು ಒಂದೇ ಕಡೆ ಬಿಟ್ಟಿದ್ದರಿಂದ ಅಲ್ಲಿ ಹೊಸ ಕೊರಕಲು ಬಿದ್ದು 14 ಕಾಫಿ ಗಿಡ ಬೇರು ಸಮೇತ ಹೋದವು. ಬಿರುಕನ್ನು ಕಾಯಲು ಹೋಗಿ ಪಕ್ಕದ ಜಾಗಕ್ಕೆ ಕಷ್ಟ ದಾಟಿಸಿದ್ದೆವು. ಅಲ್ಲಿ ಒಂದು ಸರಳೂ ಹೊಡೆದಿರಲಿಲ್ಲ. ನೀರು ಹೋಗಿ ಸೇರುವ ಜಾಗವನ್ನೂ ಅಳೆಯಬೇಕು ಎಂದು ಆಗ ಪುಸ್ತಕಕ್ಕೆ ಸೇರಿತು.

ಜುಲೈ 30ರ ಬೆಳಿಗ್ಗೆ ಕೇರಳದ ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಕುಸಿದ ಸುದ್ದಿ ಬಂತು. ಟಿವಿ ನೋಡುತ್ತಾ ಕೈಕಾಲು ತಣ್ಣಗಾಯಿತು. ಹೋಗಿ ಬಿರುಕಿನ ಗೂಟ ಅಳೆದೆ: 42 ಇಂಚು ಇದ್ದದ್ದು 42 ಮುಕ್ಕಾಲು ಆಗಿತ್ತು. ಮೂರು ದಿನದ ಹಿಂದೆ 42 ಕಾಲು. ಮೊದಲ ಪುಟದಲ್ಲಿ ಬರೆದದ್ದು ಅರ್ಧ ಇಂಚು. ಮಧ್ಯಾಹ್ನದೊಳಗೆ ಎರಡೂ ಕುಟುಂಬ, ಮೂರು ಮಕ್ಕಳು, ಕೋಳಿ, ಪಾತ್ರೆ ಎಲ್ಲ ನಮ್ಮ ಮನೆಯ ಜಗಲಿಗೆ ಬಂದವು. ಪಂಚಾಯಿತಿಗೆ ತಿಳಿಸಿದೆವು. 9 ದಿನ ಎಲ್ಲರೂ ಒಟ್ಟಿಗೆ ಇದ್ದೆವು, ಬಿರುಕಿನ ಮೇಲೆ ಟಾರ್ಪಾಲು ಹೊದೆಸಿದ್ದೆವು. ಬರೆ ಜಾರಲಿಲ್ಲ, ಗೂಟ 42 ಮುಕ್ಕಾಲಿಗೇ ನಿಂತಿತು.

"ಸುಮ್ಮನೆ ಹೆದರಿಸಿದ್ರಿ" ಎಂದು ಊರಿನಲ್ಲಿ ಕೆಲವರು ಹೇಳಿದರು. ಹಾಗಾದರೆ ಮುಂದಿನ ಸಲ ಮುಕ್ಕಾಲು ಇಂಚಿಗೆ ಬದಲಿಸೋಣವೇ ಎಂದು ಮನೆಯಲ್ಲಿ ಮಾತು ಬಂತು. ನಾನು ಒಪ್ಪಲಿಲ್ಲ. ಕಟ್ಟದ ಅಂತರ, ಗಿಡದ ಜಾತಿ, ಚರಂಡಿಯ ದಿಕ್ಕು ಏನು ಬೇಕಾದರೂ ಅನುಭವ ನೋಡಿ ಬದಲಿಸುತ್ತೇನೆ. ಮಕ್ಕಳು ಮಲಗುವ ಜಾಗದ ಅಳತೆಯನ್ನು ಒಂದು ಸಲ ಏನೂ ಆಗಲಿಲ್ಲ ಎಂದು ಸಡಿಲಿಸುವುದಿಲ್ಲ. ಗೂಟಗಳನ್ನು ಹೊಸದಾಗಿ ಹೊಡೆದು, ಅಲ್ಲಿಂದ ಮುಂದೆ ಮತ್ತೆ ಅರ್ಧ ಇಂಚು ಎಂದೇ ಬರೆದೆ. ಲೈನ್ ಮನೆಯನ್ನೇ ಮನೆಯ ಮೇಲಿನ ಸಮತಟ್ಟಿಗೆ ಸ್ಥಳಾಂತರಿಸುವ ಕೆಲಸ 2025ರ ಜನವರಿಯಲ್ಲಿ ಶುರುವಾಗಿ ಏಪ್ರಿಲ್‌ಗೆ ಮುಗಿಯಿತು. ಎತ್ತಿಟ್ಟ ದುಡ್ಡಿನ ದೊಡ್ಡ ಪಾಲು ಅದಕ್ಕೇ ಹೋಯಿತು, ಉಳಿದದ್ದು ಸಾಲ.

ಚರಂಡಿಯನ್ನು ಎರಡು ಬಾಯಿಗೆ ಒಡೆದೆವು. ಒಂದನ್ನು ಬಂಡೆಯ ಮೇಲೆ ಬಿಟ್ಟೆವು. ಇನ್ನೊಂದರ ಬಾಯಿಗೆ ಕಲ್ಲು ಹಾಸಿ ಸುತ್ತ ವಾಟೆ ನೆಟ್ಟೆವು. ಎರಡಕ್ಕೂ ಸರಳು ಹೊಡೆದದ್ದು ಸೇರಿ ಈಗ ಒಟ್ಟು 16.

2025

2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. ನಮ್ಮಲ್ಲೂ ಮೇ ಕೊನೆಯ ವಾರ ಜಡಿಮಳೆ. ಜೂನ್ ಮೊದಲ ವಾರ ನೆಡಬೇಕೆಂದು ಇಟ್ಟಿದ್ದ ಲಾವಂಚದ ಬುಡ, ಅತ್ತಿ ಗೂಟ ಎಲ್ಲ ಶೆಡ್ಡಿನಲ್ಲೇ ಇದ್ದವು. ಆ ಕೆಸರಿನಲ್ಲಿ ಬರೆ ಹತ್ತುವುದು ಬೇಡವೆಂದು ಅರ್ಧ ಬಿಟ್ಟೆವು, ಹದ ಸಿಕ್ಕಾಗ ನೆಟ್ಟ ಅರ್ಧದಲ್ಲಿ ಹತ್ತಕ್ಕೆ ಆರು ಉಳಿದಿವೆ. ಮೊದಲ ಪುಟದ ಪ್ರಕಾರ ಜಾತಿ ಬದಲಿಸಬೇಕು. ಆದರೆ ತಪ್ಪಿದ್ದು ಜಾತಿಯಲ್ಲ, ತಾರೀಕು. ಅದಕ್ಕೆ ಆ ಸಾಲಿನ ಪಕ್ಕ ತಂಗಿಯ ಮಗಳ ಕೈಯಿಂದಲೇ ಕಾರಣ ಬರೆಸಿ, ನೆಡುವ ದಿನವನ್ನು ಜೂನ್‌ನಿಂದ ಹೂಮಳೆ (ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಮಳೆ) ಬಿದ್ದ ಮೇಲಿನ ಮೊದಲ ಹದಕ್ಕೆ ಹಿಂದೆ ತಂದಿದ್ದೇವೆ. ಮಳೆ ತಡವಾದರೆ ಕೈಯಿಂದ ನೀರು ಹಾಕಬೇಕಾಗುತ್ತದೆ, ಆ ಕೂಲಿಯನ್ನೂ ಲೆಕ್ಕಕ್ಕೆ ಸೇರಿಸಿದೆ.

ತುಲಾ ಸಂಕ್ರಮಣದ ಮಾರನೆಯ ದಿನ ಅಳೆದದ್ದು: ಮೇಲಿನ ಭಾಗದಲ್ಲಿ ಕಟ್ಟಗಳ ಹಿಂದೆ ಮಣ್ಣು ಕೂತು ಮೂರು ಸರಳು ಪೇಂಟಿನವರೆಗೆ ಮುಚ್ಚಿವೆ. ನಡುಭಾಗದ ಚಂದಕಲು ನನಗಿಂತ ಎತ್ತರವಾಗಿ, ಅದರ ನೆರಳಿಗೆ ಅಂಚಿನ ಲಾವಂಚ ಸೊರಗಲು ಶುರುವಾಗಿದೆ. ಕೆಳಗೆ ಮುಂಡುಗದ ಬೇರಿನ ಸಂದಿಯಲ್ಲಿ ಅಮ್ಮನಿಗೆ ಏಡಿ ಕಂಡಿತು, 2018ರ ಮೇಲೆ ಆ ಬಾಯಲ್ಲಿ ಇದೇ ಮೊದಲು. 7ನೇ ಸರಳು ಮಾತ್ರ ಎರಡು ಇಂಚು ಕಾಲು ಬಯಲಾಗಿದೆ. ಹುತ್ತರಿ ಮುಗಿದ ಸೋಮವಾರ ಅದರ ಪಕ್ಕದ ಕಟ್ಟದ ಎಡ ಅಂಚು ಬಿಚ್ಚುತ್ತೇವೆ. ಕಲ್ಲು ಒಡೆಸಿ ಇಟ್ಟಾಗಿದೆ, ಟ್ಯೂಬ್ ಮೇಸ್ತ್ರಿ ಅಣ್ಣನ ಹತ್ತಿರ ಇದೆ.